ಹುಳ ಚಿಟ್ಟೆಯಾಗುವ ಮೊದಲು ಗೂಡು ಹಿಡಿಯಬೇಕು

"ಇದು ಗೂಡು ಎತ್ತಿ ಇಡೋ ಹೊತ್ತಿಗೆ ಒಳಗಿರೋ ಹುಳ ಚಿಟ್ಟೆಯಾಗಿ ಹೊರಗೆ ಬಂದಿರುತ್ತೆ ಕಣೋ."

ನಮ್ಮ ಪ್ರಾಜೆಕ್ಟಿಗೆ, ಅಂದರೆ ರೇಷ್ಮೆಗೂಡು ಆರಿಸುವ ಯಂತ್ರದ ಕೈಗೆ, ಸಿಕ್ಕ ಮೊದಲ ವಿಮರ್ಶೆ ಇದು. ಹೇಳಿದವರು ನನ್ನ ವಿದ್ಯಾರ್ಥಿಯೊಬ್ಬನ ಅಮ್ಮ. ಶಿರಾ ಕಡೆ ಅವರದು ರೇಷ್ಮೆ ಬೆಳೆಯುವ ಮನೆ. ಮಗ ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೋ ನೋಡಿ, ಫೋನ್ ಮಾಡಿ ನಕ್ಕರಂತೆ. ಮರುದಿನ ಅವನು ಲ್ಯಾಬಿಗೆ ಬಂದು, ಸ್ವಲ್ಪ ನಾಚಿಕೊಂಡು, ಅದನ್ನೇ ಹೇಳಿದ. ನನಗೂ ನಗು ಬಂತು. ಆಮೇಲೆ ಸ್ಟಾಪ್‌ವಾಚ್ ಹಿಡಿದು ನೋಡಿದೆವು. ಒಂದು ಗೂಡು ಹಿಡಿದು, ಎತ್ತಿ, ಪಕ್ಕದ ಬುಟ್ಟಿಗೆ ಬಿಡಲು ನಮ್ಮ ಯಂತ್ರಕ್ಕೆ 9 ಸೆಕೆಂಡ್ ಬೇಕಿತ್ತು. ಆ ಅಮ್ಮ ಪಕ್ಕದವರ ಜೊತೆ ಮಾತಾಡುತ್ತಲೇ ಸೆಕೆಂಡಿಗೊಂದು ಗೂಡು ಆರಿಸಿ ಹಾಕುತ್ತಾರೆ.

ನಾನು ತುಮಕೂರು ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. 14 ವರ್ಷ ಆಯಿತು. ಫೈನಲ್ ಇಯರ್ ಪ್ರಾಜೆಕ್ಟ್ ಅಂದರೆ ಪ್ರತಿ ವರ್ಷ ಅದೇ ಸೋಲಾರ್ ಹುಲ್ಲು ಕತ್ತರಿಸುವ ಗಾಡಿ, ಅದೇ ತೆಂಗಿನಕಾಯಿ ಸುಲಿಯುವ ಯಂತ್ರ. ಹೋದ ವರ್ಷ ನಾಲ್ಕು ಜನರ ತಂಡವೊಂದು ಬಂದು, "ಮೇಡಂ, ಮೋಟಾರ್ ಇಲ್ಲದ ಕೈ ಮಾಡ್ತೀವಿ" ಅಂದಾಗ ಎರಡನೇ ಮಾತಿಲ್ಲದೆ ಸಹಿ ಹಾಕಿದೆ. ಕಲೆ ಬಿದ್ದ ಗೂಡು, ಎರಡು ಹುಳ ಸೇರಿ ಕಟ್ಟಿದ ಡಬಲ್ ಗೂಡು, ಇಂಥವನ್ನು ಆರಿಸಿ ತೆಗೆಯುವ ಮೆತ್ತನೆಯ ಮೂರು ಬೆರಳು. ಗೂಡು ತೂಗುವುದು 2 ಗ್ರಾಂ ಆಸುಪಾಸು. ಜೋರಾಗಿ ಹಿಡಿದರೆ ಅಪ್ಪಚ್ಚಿ. ಹಾಗಾಗಿ ಮೋಟಾರು, ಗೇರು ಬೇಡ. ಬೆರಳೊಳಗೆ ಒಂದು ತಂತಿ. ಕರೆಂಟ್ ಕೊಟ್ಟರೆ ತಂತಿ ಗಿಡ್ಡವಾಗಬೇಕು, ಬೆರಳು ಮಡಚಬೇಕು. ನಮ್ಮ ಕೈಯೊಳಗಿನ ಸ್ನಾಯು ಮಾಡುವುದೂ ಅದನ್ನೇ ಅಲ್ವಾ?

ಅಂಥ ತಂತಿ ಇದೆ. ಹೆಸರು ನಿಟಿನಾಲ್. ಹೆಚ್ಚುಕಮ್ಮಿ ಅರ್ಧ ನಿಕ್ಕಲ್, ಅರ್ಧ ಟೈಟಾನಿಯಂ. ಹೆಸರಿನಲ್ಲೇ ಅದರ ಜಾತಕ ಇದೆ: ನಿಕ್ಕಲ್‌ನ 'ನಿ', ಟೈಟಾನಿಯಂನ 'ಟಿ', ಕೊನೆಯ 'ನಾಲ್' (N-O-L) ಅಂದರೆ ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯ, ನೇವಲ್ ಆರ್ಡ್‌ನೆನ್ಸ್ ಲ್ಯಾಬೊರೇಟರಿ. ಅಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹತಜ್ಞರು ಕ್ಷಿಪಣಿಯ ಮೂತಿಗೆ ಶಾಖ ತಡೆಯುವ ಲೋಹ ಹುಡುಕುತ್ತಿದ್ದರು. 1959ರ ಮಾತು. ಆರಿದ ಒಂದು ಸರಳು ಕಾಂಕ್ರೀಟ್ ನೆಲಕ್ಕೆ ಬಿದ್ದಾಗ 'ಧಪ್' ಅಂದಿತು. ಒಳಗೆ ಬಿರುಕು ಬಿಟ್ಟಿರಬೇಕು ಅಂದುಕೊಂಡರು. ಇನ್ನೂ ಬಿಸಿಯಿದ್ದ ಸರಳನ್ನು ಬೀಳಿಸಿದರೆ ಅದು ಗಂಟೆಯ ಹಾಗೆ 'ಟಣ್' ಅಂದಿತು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾವು ಬೆರಳು ಮಡಚಿ ತಟ್ಟಿ ನೋಡುತ್ತೇವಲ್ಲ, ಅದೇ ಪರೀಕ್ಷೆ. ಆದರೆ ಇಲ್ಲಿ ಒಂದೇ ಮಡಕೆ ಬಿಸಿಯಿದ್ದಾಗ ಗಟ್ಟಿ, ಆರಿದ ಮೇಲೆ ಒಡಕು ದನಿ. ಬಿಸಿಗೂ ತಂಪಿಗೂ ಒಳಗಿನ ಪರಮಾಣುಗಳ ಜೋಡಣೆಯೇ ಬದಲಾಗುತ್ತಿದೆ ಎಂಬ ಸುಳಿವು ಹಾಗೆ ಸಿಕ್ಕಿತು.

ಆಮೇಲಿನ ಕಥೆ ಜಾಸ್ತಿ ಪ್ರಸಿದ್ಧ. 1961ರಲ್ಲಿ ಅದೇ ಲ್ಯಾಬಿನ ಮೀಟಿಂಗ್. ಈ ಲೋಹದ ಪಟ್ಟಿಯನ್ನು ಹಾರ್ಮೋನಿಯಂ ತಿದಿಯ ಹಾಗೆ ಮಡಚಿ, ಎಷ್ಟು ಬಗ್ಗಿಸಿದರೂ ಮುರಿಯುವುದಿಲ್ಲ ನೋಡಿ ಅಂತ ಕೈಯಿಂದ ಕೈಗೆ ಕೊಡುತ್ತಿದ್ದರು. ಡೇವಿಡ್ ಮಝೀ ಎಂಬ ಹಿರಿಯ ಅಧಿಕಾರಿ ಪೈಪ್ ಸೇದುವವರು. ಜೇಬಿನಿಂದ ಲೈಟರ್ ತೆಗೆದು ಪಟ್ಟಿಗೆ ಉರಿ ತಾಗಿಸಿದರು. ಮಡಿಕೆಗಳೆಲ್ಲ ಬಿಚ್ಚಿಕೊಂಡು ಪಟ್ಟಿ ನೆಟ್ಟಗಾಯಿತು. ಮೀಟಿಂಗಿನಲ್ಲಿ ಕೈಗೆ ಸಿಕ್ಕಿದ್ದನ್ನು ಆಡಿಸುತ್ತಾ ಕೂರುವವರನ್ನು ಈ ಕಥೆ ಓದಿದಂದಿನಿಂದ ನಾನು ಬೈಯುವುದು ಬಿಟ್ಟಿದ್ದೇನೆ.

ನಮ್ಮದು ಇಷ್ಟು ರೋಚಕವಾಗಿ ಶುರುವಾಗಲಿಲ್ಲ. ಆನ್‌ಲೈನ್ ಅಂಗಡಿಯೊಂದರಿಂದ ಹುಡುಗರು ತಂತಿ ತರಿಸಿದರು. ಮೂರು ವಾರ ಕಾದು ಬಂದ ತಂತಿಗೆ ಕರೆಂಟ್ ಕೊಟ್ಟರೆ ಬಿಸಿಯಾಗುತ್ತದೆ, ಅಷ್ಟೇ. ಗಿಡ್ಡವಾಗುವುದಿಲ್ಲ. ಕುದಿಯುವ ನೀರಿಗೆ ಹಾಕಿದೆವು, ಏನೂ ಇಲ್ಲ. ಬಗ್ಗಿಸಿದರೆ ಸ್ಪ್ರಿಂಗಿನ ಹಾಗೆ ಚಂಗನೆ ವಾಪಸು. ತಂಡದಲ್ಲಿದ್ದ ಪಾವಗಡದ ಹುಡುಗಿಗೆ ಅನುಮಾನ ಬಂದು, ಕ್ಯಾಂಟೀನಿನ ಐಸ್‌ಕ್ರೀಂ ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು ತಂದಳು. ಈಗ ಬಗ್ಗಿಸಿದರೆ ಬಗ್ಗಿದ ಹಾಗೇ ಇತ್ತು, ಹಸಿ ಕಡ್ಡಿಯ ಥರ. ಅಂಗೈ ಮೇಲೆ ಇಟ್ಟುಕೊಂಡ ಕೂಡಲೇ ಮೆಲ್ಲಗೆ ಮೈ ಮುರಿದು ನೆಟ್ಟಗಾಯಿತು. ಅಂದರೆ ಅದೂ ನಿಟಿನಾಲೇ. ಹಲ್ಲಿಗೆ ಕ್ಲಿಪ್ ಹಾಕುವವರು ಬಳಸುವ ಜಾತಿ. ಅದರ 'ಬಿಸಿ' ನಮ್ಮ ಕೋಣೆಯ ಉಷ್ಣತೆಯಲ್ಲೇ ಮುಗಿದುಹೋಗಿರುತ್ತದೆ, ಹಾಗಾಗಿ ಸದಾ ಪುಟಿಯುತ್ತದೆ. ಸೂಪರ್ ಇಲಾಸ್ಟಿಕ್ ಅನ್ನುತ್ತಾರೆ. ಅಂಗಡಿಯವರು ದುಡ್ಡು ವಾಪಸು ಕೊಡಲಿಲ್ಲ, ಫೋನ್ ಎತ್ತುವುದನ್ನೂ ಬಿಟ್ಟರು. ತಂತಿ ನನ್ನ ಡ್ರಾಯರ್ ಸೇರಿತು. ಆ ಡ್ರಾಯರಿಗೆ ಮತ್ತೆ ಬರುತ್ತೇನೆ.

ಸರಿಯಾದ ತಂತಿ ಎರಡನೇ ಸಲ ಬಂತು. ಸುಮಾರು 90 ಡಿಗ್ರಿಗೆ ಗಿಡ್ಡವಾಗುವಂಥದ್ದು, 0.25 ಮಿ.ಮೀ. ದಪ್ಪ. ಇದು ನಿಜಕ್ಕೂ ಬಲಭೀಮ. ತಯಾರಕರ ಪಟ್ಟಿಯ ಪ್ರಕಾರ ಈ ಕೂದಲೆಳೆಯಂಥ ತಂತಿ ಸುಮಾರು 890 ಗ್ರಾಂ ಭಾರವನ್ನು ದಿನವಿಡೀ ಎಳೆಯಬಲ್ಲದು. ಅಡ್ಡಕೊಯ್ತದ ಲೆಕ್ಕದಲ್ಲಿ ನಮ್ಮ ಸ್ನಾಯುವಿಗಿಂತ ನೂರಾರು ಪಟ್ಟು ಬಲ. ಗಿಡ್ಡವಾಗುವುದು ಮಾತ್ರ ನೂರಕ್ಕೆ ನಾಲ್ಕು ಪಾಲು, 25 ಸೆಂ.ಮೀ. ತಂತಿ 1 ಸೆಂ.ಮೀ. ಎಳೆಯುತ್ತದೆ. ಹಳೇ ಮೊಬೈಲ್ ಚಾರ್ಜರಿನ 5 ವೋಲ್ಟ್, 1 ಆಂಪಿಯರ್ ಸಾಕು. ಒಂದೇ ಸೆಕೆಂಡಿಗೆ ಬೆರಳು ಮಡಚಿತು. ಹುಡುಗರು ಕುಣಿದರು.

ಬಿಚ್ಚಿಕೊಳ್ಳಲಿಲ್ಲ.

ಅಂದರೆ, ಬಿಚ್ಚಿಕೊಂಡಿತು, ಆದರೆ ಆರು ಸೆಕೆಂಡ್ ಆದ ಮೇಲೆ. ಬಿಸಿ ಮಾಡುವುದು ನಮ್ಮ ಕೈಯಲ್ಲಿದೆ, ಜಾಸ್ತಿ ಕರೆಂಟ್ ಕೊಟ್ಟರಾಯಿತು. ತಣ್ಣಗಾಗುವುದು ಗಾಳಿಯ ಕೈಯಲ್ಲಿದೆ. ಅದಕ್ಕೆ ಅವಸರವಿಲ್ಲ. ಚಹಾ ಕಾಯಿಸಲು ಗ್ಯಾಸ್ ಜೋರು ಮಾಡಬಹುದು, ಅದನ್ನು ತಣ್ಣಗಾಗಿಸಲು ಯಾವ ನಾಬ್ ತಿರುಗಿಸುತ್ತೀರಿ? ಈ ತಂತಿಯ ಇಡೀ ಸಮಸ್ಯೆ ಇಷ್ಟೇ, ಮತ್ತು 60 ವರ್ಷಗಳಿಂದ ಜಗತ್ತಿನ ಲ್ಯಾಬುಗಳು ಒದ್ದಾಡುತ್ತಿರುವುದೂ ಇದರ ಸುತ್ತಲೇ.

ಬಸಿಯಲ್ಲಿ ಸುರಿದರೆ ಚಹಾ ಬೇಗ ಆರುತ್ತದೆ ಎಂದು ನೆನಪಾದದ್ದು ಒಳ್ಳೆಯದಾಯಿತು. ಹೊರಮೈ ಜಾಸ್ತಿ ಮಾಡಬೇಕು. ಅದೇ ಪಟ್ಟಿಯಲ್ಲಿ 0.1 ಮಿ.ಮೀ. ತಂತಿ ಸುಮಾರು 140 ಗ್ರಾಂ ಎಳೆಯುತ್ತದೆ, ಆದರೆ ಒಂದು ಸೆಕೆಂಡಿನಲ್ಲಿ ಆರುತ್ತದೆ. ದಪ್ಪ ತಂತಿಗೆ ಐದು ಸೆಕೆಂಡ್ ಅಂತ ಬರೆದಿದ್ದಾರೆ. ಹಾಗಾದರೆ ಆರು ಸಣ್ಣ ತಂತಿ ಸೇರಿಸಿದರೆ ಹೆಚ್ಚುಕಮ್ಮಿ ಅಷ್ಟೇ ಬಲ, ಐದನೇ ಒಂದು ಪಾಲು ಹೊತ್ತು. ಬೋರ್ಡಿನ ಮೇಲೆ ಇಷ್ಟು ಬರೆದು ನಾನು ಊಟಕ್ಕೆ ಹೋದೆ, ಗೆದ್ದೆವು ಅಂದುಕೊಂಡು.

ವಾಪಸು ಬರುವಷ್ಟರಲ್ಲಿ ಹುಡುಗರು ಆರೂ ಎಳೆಗಳನ್ನು ಹುರಿ ಹೊಸೆದಿದ್ದರು. ನೋಡಲು ಚೆಂದ. ಕೆಲಸಕ್ಕೆ ಮತ್ತೆ ದಪ್ಪ ತಂತಿಯೇ ಆಯಿತಲ್ಲ! ಒಳಗಿನ ಎಳೆಗಳಿಗೆ ಗಾಳಿಯೇ ಸೋಕುವುದಿಲ್ಲ. ಬಿಚ್ಚಿ, ಮಗ್ಗದ ಹಾಸಿನ ಹಾಗೆ ಪಕ್ಕಪಕ್ಕ ಹರಡಿದರು. ಆಗ ಇನ್ನೊಂದು ತೊಂದರೆ. ಮೂರನೇ ಸಲಕ್ಕೆ ಒಂದು ಎಳೆ ಪಟ್ ಎಂದು ಹರಿಯಿತು. ಮತ್ತೆರಡು ಸಲಕ್ಕೆ ಇನ್ನೊಂದು.

ನಮ್ಮ ವರ್ಕ್‌ಶಾಪಿನ ಮೆಕ್ಯಾನಿಕ್ ತಿಪಟೂರಿನ ಹತ್ತಿರದವರು. ಮನೆಯಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡುತ್ತಾ ಬೆಳೆದವರು. ಎಲ್ಲರಿಗೂ ಅವರು ಅಣ್ಣ, ನನಗೂ. ಬಂದು ಕನ್ನಡಕ ಏರಿಸಿಕೊಂಡು ನೋಡಿದರು. "ಎಳೆ ಸಮ ಇಲ್ಲ ಮೇಡಂ. ಬಿಗಿಯಾಗಿರೋ ಎಳೆ ಎಲ್ಲರ ಭಾರನೂ ತಾನೇ ಹೊರುತ್ತೆ, ಮೊದಲು ಅದೇ ಸಾಯುತ್ತೆ." ಅವರೇ ಉಪಾಯವನ್ನೂ ಹೇಳಿದರು. ಆರು ತಂತಿಯನ್ನೂ ಮೇಜಿನ ಅಂಚಿನಿಂದ ಇಳಿಬಿಟ್ಟು, ಪ್ರತಿಯೊಂದರ ತುದಿಗೂ ಒಂದೇ ಅಳತೆಯ ಎರಡೆರಡು ನಟ್ ಕಟ್ಟಿದರು. ಎಲ್ಲವೂ ಸಮನಾಗಿ ತೂಗಾಡಿ ನಿಂತ ಮೇಲೆ, ಮೇಲಿನಿಂದ ಒಂದೇ ಹಿತ್ತಾಳೆ ಕೊಳವೆಗೆ ಸೇರಿಸಿ, ಕೊಳವೆಯನ್ನು ಅದುಮಿ ಬಿಗಿದು ಕ್ರಿಂಪ್ ಮಾಡಿದರು. ಬೆಸುಗೆ ಹಾಕಲು ನಾವು ಮೊದಲೇ ನೋಡಿದ್ದೆವು. ಟೈಟಾನಿಯಂನ ಆಕ್ಸೈಡ್ ಪೊರೆಯ ಮೇಲೆ ಸಾಲ್ಡರ್ ಕೆಸುವಿನೆಲೆ ಮೇಲಿನ ನೀರಿನ ಹನಿಯ ಹಾಗೆ ಉರುಳಿ ಹೋಗುತ್ತದೆ. ಅಣ್ಣನ ಕ್ರಿಂಪ್ ಇವತ್ತಿಗೂ ಗಟ್ಟಿಯಾಗಿದೆ.

ಈಗ ತಂತಿಗಳನ್ನು ಬೆರಳೊಳಗೆ ಕೂರಿಸಬೇಕು. ಬೆರಳು ಸಿಲಿಕೋನ್ ರಬ್ಬರಿನದು. ತಂತಿ ಎಳೆದಾಗ ಬಾಗಬೇಕು, ಬಿಟ್ಟಾಗ ರಬ್ಬರ್ ತಂತಿಯನ್ನು ಹಿಗ್ಗಿಸಿ ವಾಪಸು ತರಬೇಕು. ತಂತಿ ತಾನಾಗಿ ಉದ್ದವಾಗುವುದಿಲ್ಲ, ಯಾರಾದರೂ ಎಳೆಯಬೇಕು. ಇಲ್ಲಿಂದ ನಮ್ಮದು ಬರೀ ತಂತಿಯಲ್ಲ, ಕಾಂಪೋಸಿಟ್. ಎರಡು ವಸ್ತು ಅಂಟಿಕೊಂಡು ಒಂದು ಕೆಲಸ ಮಾಡುವುದು.

ರಬ್ಬರಿನೊಳಗೆ ಹೂತರೆ ತಂತಿ ಕಂಬಳಿ ಹೊದ್ದ ಹಾಗಾಗಿ ಇನ್ನೂ ನಿಧಾನ ಆಗುತ್ತದೆ ಎಂದು ಹುಡುಗರು ಹೆದರಿದ್ದರು. ನಾನು ಸುಮ್ನೆ ನಕ್ಕೆ. ಹೀಟ್ ಟ್ರಾನ್ಸ್‌ಫರ್ ಪಾಠದಲ್ಲಿ 'ಕ್ರಿಟಿಕಲ್ ರೇಡಿಯಸ್' ಅಂತ ಒಂದು ಲೆಕ್ಕ ಇದೆ. ಪರೀಕ್ಷೆಗೆ ಬರುತ್ತದೆ ಅಂತ ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಯಾರೂ ನಂಬುವುದಿಲ್ಲ. ತುಂಬಾ ತೆಳುವಾದ ತಂತಿಗೆ ಹೊದಿಕೆ ಹಾಕಿದರೆ ಶಾಖ ಜಾಸ್ತಿ ಬೇಗ ಹೊರಗೆ ಹೋಗುತ್ತದೆ! ಯಾಕೆಂದರೆ ಗಾಳಿ ಶಾಖ ಒಯ್ಯುವುದರಲ್ಲಿ ರಬ್ಬರಿಗಿಂತ ಸೋಮಾರಿ, ಅದಕ್ಕೆ ಅಗಲವಾದ ಮೈ ಬೇಕು. ಹೊದಿಕೆ ಆ ಮೈಯನ್ನು ಕೊಡುತ್ತದೆ. ನಿಂತ ಗಾಳಿಯಲ್ಲಿ ಸಿಲಿಕೋನಿಗೆ ಲೆಕ್ಕ ಹಾಕಿದರೆ ಈ ಲಾಭ ಸುಮಾರು 2 ಸೆಂ.ಮೀ. ತ್ರಿಜ್ಯದವರೆಗೂ ಸಿಗುತ್ತದೆ. ನಮ್ಮ ಬೆರಳು ಅದಕ್ಕಿಂತ ಸಣ್ಣದು.

ಮೊದಲ ಹತ್ತು ಸಲ ನನ್ನ ಮಾತೇ ನಿಜವಾಯಿತು. ಬೆರಳು ಒಂದೂವರೆ ಸೆಕೆಂಡಿನೊಳಗೆ ಬಿಚ್ಚಿಕೊಂಡಿತು. 14 ವರ್ಷ ಪಾಠ ಮಾಡಿದ್ದಕ್ಕೆ ಇವತ್ತು ಸಾರ್ಥಕ ಅನಿಸಿ ಎಲ್ಲರಿಗೂ ಬೋಂಡಾ ಕೊಡಿಸಿದೆ. ಬೋಂಡಾ ತಿಂದು ಬರುವಷ್ಟರಲ್ಲಿ ಯಂತ್ರ ತನ್ನಷ್ಟಕ್ಕೆ ಓಡುತ್ತಿತ್ತು. ಬೆರಳು ಅರ್ಧ ಮಡಚಿಕೊಂಡೇ ನಿಂತಿತ್ತು. ಮುಟ್ಟಿದರೆ ರಬ್ಬರ್ ಬಿಸಿಬಿಸಿ. ಒಂದೊಂದು ಸಲದ ಶಾಖವನ್ನೂ ರಬ್ಬರ್ ಬೇಗ ಬೇಗ ಹೀರಿಕೊಂಡಿದೆ ನಿಜ, ಆದರೆ ಅದನ್ನು ಗಾಳಿಗೆ ದಾಟಿಸಲಾಗದೆ ತಾನೇ ಇಟ್ಟುಕೊಂಡಿದೆ. ಸಾಲ ಬೇಗ ಕೊಟ್ಟರು, ಬಡ್ಡಿ ಆಮೇಲೆ ಕೇಳಿದರು. ನನ್ನ ಪಾಠದ ಲೆಕ್ಕ ಒಂದು ಸ್ಥಿತಿಗೆ ಬಂದು ನಿಂತ ತಂತಿಯದು; ದಡಬಡ ಬಿಸಿ-ತಂಪು ಆಗುವ ತಂತಿಯದಲ್ಲ. ಇದನ್ನು ಹುಡುಗರ ಮುಂದೆ ಒಪ್ಪಿಕೊಳ್ಳಬೇಕಾಯಿತು.

ಜೊತೆಗೆ ಇನ್ನೊಂದು. ಬೆರಳನ್ನು ಬ್ಲೇಡಿನಿಂದ ಸೀಳಿ ನೋಡಿದರೆ ತಂತಿಯ ಸುತ್ತ ರಬ್ಬರ್ ಬಿಟ್ಟುಕೊಂಡು ಒಂದು ಸಣ್ಣ ಸುರಂಗ ಆಗಿತ್ತು. ತಂತಿ ನೂರಕ್ಕೆ ನಾಲ್ಕು ಪಾಲು ಕುಗ್ಗುತ್ತದೆ, ಪಕ್ಕದ ರಬ್ಬರ್ ಅಷ್ಟೇ ಕುಗ್ಗಲು ಒಪ್ಪುವುದಿಲ್ಲ. ಇಬ್ಬರ ಜಗಳ ನಡೆಯುವುದು ಅಂಟಿನ ಮೇಲೆ. ಸೆಳೆತ ತುದಿಗಳಲ್ಲಿ ಅತಿ ಜಾಸ್ತಿ, ಬಿರುಕು ಶುರುವಾಗಿದ್ದೂ ಅಲ್ಲಿಂದಲೇ. ಇಷ್ಟು ವರ್ಷ ಕಾಂಪೋಸಿಟ್ ಅಂದರೆ ಏನೇನು ಸೇರಿಸಿದ್ದೇವೆ ಅಂತ ನೋಡುತ್ತಿದ್ದೆ. ಈಗ ಮೊದಲು ನೋಡುವುದು, ಇವೆರಡರ ನಡುವೆ ಏನಿದೆ?

ನಮ್ಮ ಉತ್ತರ ಅಗ್ಗದ್ದು. ಅಂಟಿಸುವುದನ್ನೇ ಬಿಟ್ಟೆವು. ತಂತಿಯನ್ನು ಎರಡು ತುದಿಯಲ್ಲಿ ಮಾತ್ರ ಕಟ್ಟಿ, ಸುರಂಗವನ್ನು ಸುರಂಗವಾಗಿಯೇ ಬಿಟ್ಟು, ಒಳಗೆ ಕಂಪ್ಯೂಟರ್ ಪ್ರೊಸೆಸರಿಗೆ ಹಚ್ಚುವ ಬಿಳಿ ಪೇಸ್ಟ್ ತುಂಬಿದೆವು. ಬಿಳಿಯದೇ ಆಗಬೇಕು, ಬೆಳ್ಳಿ ಪುಡಿ ಇರುವುದು ಕರೆಂಟ್ ಹಾಯಿಸಿಬಿಡಬಹುದು. ತಂತಿ ಜಾರುತ್ತದೆ, ಶಾಖವೂ ದಾಟುತ್ತದೆ. ಬೆರಳ ಬೆನ್ನಿನ ರಬ್ಬರನ್ನು ತೆಳ್ಳಗೆ ಮಾಡಿ, ಹಳೇ ಕಂಪ್ಯೂಟರಿನ ಫ್ಯಾನ್ ಒಂದನ್ನು ಎದುರಿಗೆ ಇಟ್ಟೆವು. ಒಂದು ಗೂಡಿಗೆ ಎರಡೂವರೆ ಸೆಕೆಂಡ್. ಗಂಟೆಗಟ್ಟಲೆ ಓಡಿಸಿದರೂ ಅದೇ.

ಆದರೆ ಇದನ್ನೆಲ್ಲ ಬರೆಯಲು ಕೂತದ್ದು ಎರಡೂವರೆ ಸೆಕೆಂಡಿನ ಬಡಾಯಿಗಲ್ಲ. ನಡುವೆ ಒಂದು ದಿನ ಹುಡುಗರು ಕೇಳಿದ ಪ್ರಶ್ನೆಗೆ ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. "ಮೇಡಂ, ನಿಟಿನಾಲ್ ಬಲಶಾಲಿ, ಆದ್ರೆ ನಿಧಾನ. ಪೀಜೋ ಫಾಸ್ಟ್. ಎರಡನ್ನೂ ಅಂಟಿಸಿದ್ರೆ?"

ಪೀಜೋ ನಿಮ್ಮ ಅಡುಗೆಮನೆಯಲ್ಲೇ ಇದೆ, ಗ್ಯಾಸ್ ಲೈಟರಿನೊಳಗೆ. ಟಕ್ ಅಂತ ಸಣ್ಣ ಸುತ್ತಿಗೆ ಸೆರಾಮಿಕ್ ತುಂಡಿಗೆ ಹೊಡೆದರೆ ಸಾವಿರಾರು ವೋಲ್ಟ್ ಹುಟ್ಟಿ ಕಿಡಿ ಹಾರುತ್ತದೆ. 1880ರಲ್ಲಿ ಕ್ಯೂರಿ ಸೋದರರು ಕ್ವಾರ್ಟ್ಸ್‌ನಂಥ ಹರಳುಗಳಲ್ಲಿ ಇದನ್ನು ತೋರಿಸಿದರು. ಉಲ್ಟಾ ಮಾಡಿ ವೋಲ್ಟೇಜ್ ಕೊಟ್ಟರೆ ತುಂಡು ತಾನೇ ಹಿಗ್ಗುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಬೇಕಾದರೂ ಸರಿ, ಬಿಸಿ-ತಂಪಿನ ಗೊಡವೆಯೇ ಇಲ್ಲ. ಹಿಗ್ಗುವುದು ಎಷ್ಟು? ಸಾವಿರಕ್ಕೆ ಒಂದು ಪಾಲು. 2 ಸೆಂ.ಮೀ. ಉದ್ದದ ತುಂಡು 20 ಮೈಕ್ರಾನ್, ಕೂದಲಿನ ದಪ್ಪದಷ್ಟೂ ಇಲ್ಲ. ನಮ್ಮ ಬೆರಳಿಗೆ 1 ಸೆಂ.ಮೀ. ಬೇಕು. ಇದನ್ನೂ ನಿಟಿನಾಲನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಬಲ ಕೂಡುವುದಿಲ್ಲ, ದೋಷ ಕೂಡುತ್ತದೆ. ಅಷ್ಟನ್ನು ಹೇಳಿದೆ. "ಹಾಗಾದ್ರೆ ಸೇರಿಸೋದು ಹೇಗೆ?" ಅಂದರೆ ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ.

ಆ ರಾತ್ರಿ ಓದಿದ್ದರಲ್ಲಿ ಎರಡು ವಿಷಯ ತಲೆಯಲ್ಲಿ ಕೂತವು.

ಒಂದು ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ 1996ರಲ್ಲಿ ಮಾಡಿದ್ದು, ಮ್ಯಾಕ್ರೋ ಫೈಬರ್ ಕಾಂಪೋಸಿಟ್. ಪೀಜೋ ಸೆರಾಮಿಕ್ಕಿನ ದೊಡ್ಡ ರೋಗ, ಅದು ಹಪ್ಪಳದ ಹಾಗೆ. ಬಾಗಿಸಿದರೆ ಚೂರು. ಅವರು ತೆಳುವಾದ ಸೆರಾಮಿಕ್ ಹಾಳೆಯನ್ನು ಎಲೆಕ್ಟ್ರಾನಿಕ್ ಚಿಪ್ ಕತ್ತರಿಸುವ ಗರಗಸದಿಂದ ಉದ್ದುದ್ದ ಕಡ್ಡಿಗಳಾಗಿ ಸೀಳಿದರು. ಸಂದಿಗೆ ಎಪಾಕ್ಸಿ ಅಂಟು ತುಂಬಿದರು. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಾಳೆ. ಬಿದಿರಿನ ಬೊಂಬನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳಲು ಆಗುತ್ತದಾ? ಅದನ್ನೇ ಸೀಳಿ ಚಾಪೆ ಹೆಣೆದರೆ ಆಗುತ್ತದೆ. ಹಾಗೇ ಇದು ಬಾಗುತ್ತದೆ, ಕೊಳವೆಯ ಮೇಲೂ ಅಂಟಿಸಬಹುದು. ಅದಕ್ಕಿಂತ ಜಾಣತನ ಹಾಳೆಯ ಮೇಲಿನ ತಾಮ್ರದ ಗೆರೆಗಳಲ್ಲಿದೆ. ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದ ಹಾಗೆ ಪ್ಲಸ್, ಮೈನಸ್, ಪ್ಲಸ್, ಮೈನಸ್. ಇದರಿಂದ ವಿದ್ಯುತ್ತು ಕಡ್ಡಿಯ ದಪ್ಪಕ್ಕೆ ಅಡ್ಡ ಹಾಯದೆ ಉದ್ದಕ್ಕೆ ಹಾಯುತ್ತದೆ. ಸೆರಾಮಿಕ್ ಹಿಗ್ಗುವುದು ವಿದ್ಯುತ್ತಿನ ದಿಕ್ಕಿನಲ್ಲೇ ಜಾಸ್ತಿ, ಅಡ್ಡಡ್ಡ ಕುಗ್ಗುವುದರ ಸುಮಾರು ಎರಡು ಪಟ್ಟು. ವಸ್ತು ಅದೇ, ಕೂರಿಸಿದ ಭಂಗಿ ಬೇರೆ. 1500 ವೋಲ್ಟಿನವರೆಗೆ ಕೊಡುತ್ತಾರೆ ಅನ್ನುವುದನ್ನು ನೋಡಿ ನಮ್ಮ ಲ್ಯಾಬಿಗೆ ಇದು ಬೇಡ ಅಂತ ಅಲ್ಲೇ ತೀರ್ಮಾನಿಸಿದೆ. ನಮ್ಮ ಹುಡುಗರು ಟೆಸ್ಟರನ್ನೂ ಉಲ್ಟಾ ಹಿಡಿಯುತ್ತಾರೆ.

ಎರಡನೆಯದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಿನೋರು ತಾಯಾ ಅವರ ಗುಂಪಿನದು. ಓದುತ್ತಾ ನಾನು ಎದ್ದು ಕೂತೆ. ಅವರೂ ನಿಟಿನಾಲ್ ಹಿಡಿದಿದ್ದಾರೆ, ಆದರೆ ಬಿಸಿ ಮಾಡುವುದನ್ನೇ ಕೈಬಿಟ್ಟಿದ್ದಾರೆ! ನಿಟಿನಾಲಿನ ಒಳಗಿನ ಜೋಡಣೆ ಬದಲಿಸಲು ಶಾಖ ಒಂದೇ ದಾರಿಯಲ್ಲ, ಎಳೆತವೂ ದಾರಿ. ಪುಟಿಯುವ ಜಾತಿಯ ನಿಟಿನಾಲನ್ನು ಎಳೆಯುತ್ತಾ ಹೋಗಿ. ಮೊದಮೊದಲು ಬಿರುಸು. ಒಂದು ಹಂತ ದಾಟಿದ ಕೂಡಲೇ ಪರಮಾಣುಗಳ ಜೋಡಣೆ ಮಗುಚುತ್ತದೆ, ಲೋಹ ಇದ್ದಕ್ಕಿದ್ದ ಹಾಗೆ ಮೆತ್ತಗಾಗುತ್ತದೆ. ಅಲ್ಲಿಂದಾಚೆ ಬಲ ಹೆಚ್ಚುಕಮ್ಮಿ ಅಷ್ಟೇ, ಉದ್ದ ಮಾತ್ರ ಹೋಗುತ್ತಲೇ ಇರುತ್ತದೆ. ಬಿಟ್ಟರೆ ತಕ್ಷಣ ವಾಪಸು.

ಈಗ ಇದಕ್ಕೆ ಕಬ್ಬಿಣವನ್ನು ಜೋಡಿಸಿ. ಎದುರಿಗೆ ವಿದ್ಯುತ್ ಅಯಸ್ಕಾಂತ. ಸ್ವಿಚ್ ಹಾಕಿದರೆ ಅಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ, ಕಬ್ಬಿಣ ನಿಟಿನಾಲನ್ನು ಎಳೆಯುತ್ತದೆ, ನಿಟಿನಾಲ್ ಮೆತ್ತಗಾಗಿ ಉದ್ದಕ್ಕೆ ಚಾಚುತ್ತದೆ. ಸ್ವಿಚ್ ತೆಗೆದರೆ ಅದೇ ನಿಟಿನಾಲ್ ಗಟ್ಟಿಯಾಗಿ ಎಲ್ಲವನ್ನೂ ಎಳೆದು ತರುತ್ತದೆ. ಕಾಯುವ ಮಾತಿಲ್ಲ, ಆರುವ ಮಾತಿಲ್ಲ. ಸ್ಪ್ರಿಂಗ್ ಆಕಾರದಲ್ಲೂ ಮಾಡಿದ್ದಾರೆ, ತಮಟೆಯ ಚರ್ಮದಂಥ ತೆಳು ಪೊರೆಯಾಗಿಯೂ ಮಾಡಿದ್ದಾರೆ. ಪೊರೆ ಪಟಪಟ ಬಡಿದು ಗಾಳಿಯ ಸಣ್ಣ ಚಿಲುಮೆ ಚಿಮ್ಮಿಸಬೇಕು, ವಿಮಾನದ ರೆಕ್ಕೆಯ ಮೇಲಿನ ಗಾಳಿಯನ್ನು ದಾರಿಗೆ ತರಬೇಕು ಅನ್ನುವುದು ಅದರ ಹಿಂದಿನ ಆಸೆ.

ಹುಡುಗರ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಇಲ್ಲಿ ಬಲಶಾಲಿಯನ್ನೂ ವೇಗದವನನ್ನೂ ಸಾಲಾಗಿ ನಿಲ್ಲಿಸಿಲ್ಲ. ಕಬ್ಬಿಣಕ್ಕೆ ಅವಸರ ಗೊತ್ತು, ಆದರೆ ಚಾಚುವುದು ಗೊತ್ತಿಲ್ಲ. ನಿಟಿನಾಲಿಗೆ ಚಾಚುವುದು ಗೊತ್ತು, ಅಯಸ್ಕಾಂತದ ಮಾತು ಕೇಳುವುದು ಗೊತ್ತಿಲ್ಲ. ಒಬ್ಬರ ಕೆಲಸ ಇನ್ನೊಬ್ಬರನ್ನು ಎಬ್ಬಿಸುವುದು, ಅಷ್ಟೇ. ಮನೆಯ ಟ್ಯೂಬ್‌ಲೈಟ್ ಸ್ಟಾರ್ಟರಿನೊಳಗಿನ ಎರಡು ಲೋಹದ ಪಟ್ಟಿಯೂ ಹೀಗೇ ಅಲ್ವಾ? ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಮ್ಮಿ. ಆ ಕಮ್ಮಿ ಇರುವವನು ಇಲ್ಲದಿದ್ದರೆ ಪಟ್ಟಿ ಬಾಗುವುದೇ ಇಲ್ಲ.

ಇದರಲ್ಲಿ ತೊಡಕಿಲ್ಲ ಅಂತಲ್ಲ. ಜೋಡಣೆ ಮಗುಚುವಾಗ ನಿಟಿನಾಲ್ ಸ್ವಲ್ಪ ಬಿಸಿಯಾಗುತ್ತದೆ, ವಾಪಸು ಬರುವಾಗ ತಣ್ಣಗಾಗುತ್ತದೆ. ರಬ್ಬರ್ ಬ್ಯಾಂಡನ್ನು ಚಕ್ಕನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ, ಅದೇ ಥರ. ತುಂಬಾ ವೇಗವಾಗಿ ಎಳೆದು ಬಿಟ್ಟು ಮಾಡಿದರೆ ಆ ಬಿಸಿ ಉಳಿದು ಲೋಹ ಬಿರುಸಾಗುತ್ತದೆ. ಆಮೇಲೆ ಅಯಸ್ಕಾಂತದ ಬಲ ದೂರ ಹೋದಂತೆ ದಡಕ್ಕನೆ ಕುಸಿಯುತ್ತದೆ, ಕಬ್ಬಿಣ ಹತ್ತಿರವೇ ಇರಬೇಕು. ಮತ್ತೆ ಅದೇ ಹಳೇ ಪ್ರಶ್ನೆ: ಕಬ್ಬಿಣವನ್ನು ನಿಟಿನಾಲಿಗೆ ಯಾವುದರಿಂದ ಹಿಡಿಸುವುದು?

ನಿಧಾನವೇ ಇದ್ದರೂ ನಡೆಯುವ ಕೆಲಸಗಳೂ ಇವೆ ಅನ್ನಿ. ಬೋಯಿಂಗ್‌ನವರು 2005ರಲ್ಲಿ 777 ವಿಮಾನದ ಇಂಜಿನ್ನಿನ ಹಿಂಬದಿ ಅಂಚಿಗೆ, ಗರಗಸದ ಹಲ್ಲಿನಂಥ ಕಾಂಪೋಸಿಟ್ ತುಂಡುಗಳೊಳಗೆ ನಿಟಿನಾಲ್ ಪಟ್ಟಿ ಇಟ್ಟು ಹಾರಿಸಿ ನೋಡಿದರು. ಏರುವಾಗ ಹಲ್ಲುಗಳು ಒಳಕ್ಕೆ ಬಾಗಿ ಸದ್ದು ತಗ್ಗಿಸಬೇಕು, ಮೇಲೆ ಹೋದ ಮೇಲೆ ನೆಟ್ಟಗಾಗಬೇಕು. ಅದಕ್ಕೆ ನಿಮಿಷ ಹಿಡಿದರೂ ಅಡ್ಡಿಯಿಲ್ಲ. ಗೂಡು ಆರಿಸುವ ಅಮ್ಮನ ಜೊತೆ ಪೈಪೋಟಿಗೆ ಇಳಿದವರು ನಾವು.

ಮರುದಿನ ಬೆಳಗ್ಗೆ ನನ್ನ ಡ್ರಾಯರ್ ಎಳೆದೆ. ಆ ತಪ್ಪು ತಂತಿ ಸುರುಳಿ ಸುತ್ತಿಕೊಂಡು ಅಲ್ಲೇ ಇತ್ತು, ಅಂಗಡಿಯವರ ಬಿಲ್ಲಿನ ಜೊತೆ. ಪುಟಿಯುವ ಜಾತಿ. ಕಾಯಿಸಿದರೆ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಶಾಪ ಹಾಕಿದ ತಂತಿ. ಹುಡುಗರ ಮುಂದೆ ಮೇಜಿನ ಮೇಲೆ ಇಟ್ಟೆ. ಪಾವಗಡದ ಹುಡುಗಿ ಒಂದು ತುದಿಯನ್ನು ವೈಸ್‌ನಲ್ಲಿ ಹಿಡಿಸಿ, ಇನ್ನೊಂದಕ್ಕೆ ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಳು. ಮುಳ್ಳು ಏರುತ್ತಾ ಹೋಯಿತು, ಏರುತ್ತಾ ಹೋಯಿತು, ಆಮೇಲೆ ನಿಂತೇಬಿಟ್ಟಿತು. ಅವಳ ಕೈ ಮಾತ್ರ ಹಿಂದಕ್ಕೆ ಸರಿಯುತ್ತಲೇ ಇತ್ತು. "ಮೇಡಂ, ಬಿಟ್ಟುಕೊಡ್ತಾ ಇದೆ!" ಎಂದು ಕೂಗಿದಳು. ನಾವು ನಾಲ್ಕೈದು ಜನ ಸರದಿಯಲ್ಲಿ ಎಳೆದು ನೋಡಿದೆವು. ಓದಿದ್ದು ಬೇರೆ, ಬೆರಳಿಗೆ ತಿಳಿಯುವುದು ಬೇರೆ.

ಈಗ ಬೇಕಿದ್ದದ್ದು ಒಂದು ಕಾಯಿಲ್, ಅದರೊಳಗೆ ಓಡಾಡುವ ಕಬ್ಬಿಣ. ಖರೀದಿ ಅಂದರೆ ಮೂರು ಕೊಟೇಶನ್, ಎರಡು ಸಹಿ, ಒಂದು ತಿಂಗಳು. ಶಿರಾದ ಹುಡುಗ ಏನೂ ಮಾತಾಡಲಿಲ್ಲ. ಸೋಮವಾರ ಬ್ಯಾಗಿನಿಂದ ಒಂದು ಡಿಂಗ್ ಡಾಂಗ್ ಕಾಲಿಂಗ್ ಬೆಲ್ ತೆಗೆದು ಮೇಜಿನ ಮೇಲೆ ಇಟ್ಟ. ಮುಚ್ಚಳ ಬಿಚ್ಚಿದರೆ ಒಳಗೆ ತಾಮ್ರದ ಕಾಯಿಲ್, ನಡುವೆ ಕಬ್ಬಿಣದ ಕಡ್ಡಿ, ಅದನ್ನು ಹಿಂದಕ್ಕೆ ತಳ್ಳಲು ಒಂದು ಸ್ಪ್ರಿಂಗ್. ಸ್ಪ್ರಿಂಗ್ ಕಿತ್ತು ಆ ಜಾಗಕ್ಕೆ ನಮ್ಮ ತಂತಿಯ ಸುರುಳಿ ಕೂರಿಸುವ ಕೆಲಸ ನಡೆಯುತ್ತಿದೆ. ಮೊದಲ ಸಲ ಕೂರಿಸಿದ್ದು ಕ್ರಿಂಪಿನಲ್ಲೇ ಜಾರಿತು. ಅಣ್ಣ ಹಿತ್ತಾಳೆ ಕೊಳವೆ ಹುಡುಕಲು ಹೋಗಿದ್ದಾರೆ.

"ಮನೇಲಿ ಬೆಲ್ ಇಲ್ದೆ ಏನು ಮಾಡ್ತಿದ್ದಾರೋ?" ಅಂತ ಕೇಳಿದೆ.

"ಬಾಗಿಲು ಬಡೀತಾರೆ ಮೇಡಂ. ಅಮ್ಮ ಕೇಳ್ತಿದ್ದಾರೆ, ಎಷ್ಟು ಸೆಕೆಂಡಿಗೆ ಇಳೀತು ಅಂತ."